ದೇರಣ್ಣ ಬೈದ ಬಾಗಿಲು

ಕಬಕದ ದೇರಣ್ಣನಿಗೆ ಹಳೆಯ ಮರ ನಯಗೊಳಿಸುವುದೆಂದರೆ ಅರ್ಧ ಕೀಸುಳಿಯ ಕೆಲಸ, ಅರ್ಧ ಬಾಯಿಯ ಕೆಲಸ. ಕೆಡವಿದ ಮನೆಗಳ ಬಾಗಿಲು, ತೊಲೆ, ಹಲಗೆಗಳು ಅವನ ಶೆಡ್ಡಿಗೆ ಬರುತ್ತಿದ್ದವು. ಬಣ್ಣ ಕೆರೆದು, ಮೊಳೆ ಕಿತ್ತು, ಕೈಯಲ್ಲೇ ಕೀಸಿ ಹೊಸತರಂತೆ ಮಾಡುವಾಗ, ಅದನ್ನು ಮೊದಲು ಮಾಡಿದ್ದ ಆಚಾರಿಯ ಮಾನವನ್ನೂ ಕೀಸಿ ಹಾಕುತ್ತಿದ್ದ.

"ಸತ್ತವರಿಗೆ ಊಟ ಬಡಿಸುದು ನೋಡಿದ್ದೇನೆ. ಬೈಗುಳ ಬಡಿಸುದು ಇಲ್ಲಿ ಮಾತ್ರ" ಎನ್ನುತ್ತಿದ್ದಳು ಹೆಂಡತಿ ದಮಯಂತಿ.

ಕಡಬದ ರಮ್ಲತ್ ತಾನು ಉಮ್ಮ ಎಂದು ಕರೆಯುವ ತಾಯಿಯ ಹಳೆ ಮನೆ ಕೆಡವಿ, ಮುಂಬಾಗಿಲನ್ನು ಚೌಕಟ್ಟಿನ ಸಮೇತ ಪಿಕಪ್‌ನಲ್ಲಿ ತಂದಳು. "ಇದು ಚಂದ ಆದರೆ ಹೊಸ ಮನೆಯ ಒಂಬತ್ತು ಬಾಗಿಲೂ ನಿಮಗೇ ದೇರಣ್ಣ" ಎಂದಳು. ರೆಡಿಮೇಡ್ ಬಾಗಿಲು ಬಂದ ಮೇಲೆ ನಾಲ್ಕು ವರ್ಷದಿಂದ ಅವನಿಗೆ ಒಂದಿಡೀ ಮನೆಯ ಕೆಲಸ ಸಿಕ್ಕಿರಲಿಲ್ಲ. ಆವತ್ತೇ ಕೀಸುಳಿ ಹಿಡಿದ.

ಹಸಿರು ಬಣ್ಣದ ಅಡಿಯಲ್ಲಿ ಹೆಬ್ಬಲಸಿನ ಮರ ಅರಸಿನದಂತೆ ಹೊಳೆಯಿತು. ಆದರೆ ಎರಡನೇ ಎಳೆತಕ್ಕೇ ಕೀಸುಳಿಯ ಅಲಗು ಮುಕ್ಕಾಯಿತು. ತಲೆ ಕತ್ತರಿಸಿದ ಮೊಳೆ, ಮೇಲೆ ಮೇಣ ಮೆತ್ತಿ ಅಡಗಿಸಿದ್ದು. ಒಂದು ಬೇಕಾದಲ್ಲಿ ಮೂರು. ಮೂರು ದಿನ ದೇರಣ್ಣ ಅಲಗು ಮಸೆದ, ಮೊಳೆ ಕಿತ್ತ, ಬೈದ.

ನೋಡಲು ಬಂದ ರಮ್ಲತ್‌ಳಿಗೂ ಹೇಳಿದ: "ಇದು ಮಾಡಿದವನಿಗೆ ಕೋಳಿಗೂಡು ಸಹ ಕೊಡ್ಬಾರದು ಅಕ್ಕ."

"ಹೌದಾ? ಹೆಸರು ಗೊತ್ತಾದರೆ ಹೇಳಿ. ಹೊಸ ಮನೆಯ ಅಂಗಳಕ್ಕೂ ಸೇರಿಸುದಿಲ್ಲ" ಎಂದಳು ರಮ್ಲತ್.

ನಾಲ್ಕನೇ ದಿನ ಚೌಕಟ್ಟಿನ ಮೂಲೆಯ ಜೋಡಣೆ ಬಿಚ್ಚಿದ. ಒಳಗೆ ಉಳಿಯಲ್ಲಿ ಕೊರೆದ ವೃತ್ತ, ವೃತ್ತದೊಳಗೆ 'ದೇ'. ದೇರಣ್ಣ ಧೂಳು ಊದಿ ಮತ್ತೆ ನೋಡಿದ. ಅದು ಅವನದೇ ಗುರುತು. ಮದುವೆಯ ಮೊದಲು ಎಲ್ಲ ಕೆಲಸದಲ್ಲೂ ಕೊರೆಯುತ್ತಿದ್ದ. "ಬಾಗಿಲು ಬಿದ್ದರೆ ನಿಮ್ಮನ್ನು ಹಿಡಿಲಿಕ್ಕೆ ಸುಲಭ ಆಗ್ತದೆ" ಎಂದು ಬಿಡಿಸಿದವಳು ದಮಯಂತಿ. ಸ್ವಂತ ಕೈಯ ಮೊದಲ ಬಾಗಿಲು ಎಲ್ಲಿ ಕಳಚಿಕೊಳ್ಳುತ್ತದೋ ಎಂಬ ಹೆದರಿಕೆಗೆ ಅಷ್ಟೊಂದು ಮೊಳೆ ಹೊಡೆದದ್ದು ಈಗ ನೆನಪಾಯಿತು.

ನಾಲ್ಕು ಎಳೆತ ಎಳೆದರೆ ಗುರುತು ಮಾಯವಾಗುತ್ತಿತ್ತು, ಒಂಬತ್ತು ಬಾಗಿಲಿನ ಕೆಲಸ ಉಳಿಯುತ್ತಿತ್ತು. ಗುರುತಿನ ಮೇಲೆ ಕೀಸುಳಿ ಇಟ್ಟೂ ನೋಡಿದ. ಆದರೆ ಆ ಜೋಡಣೆ ಕೂದಲೂ ನುಗ್ಗದಷ್ಟು ಬಿಗಿಯಾಗಿತ್ತು. ಈಗಿನ ಅವನ ಕೈಯಲ್ಲೂ ಅಷ್ಟು ಚಂದ ಬರಲಿಕ್ಕಿಲ್ಲ. ಮೊಳೆ ಹೊಡೆದವನು ಪುಕ್ಕಲ, ಜೋಡಿಸಿದವನು ಗಟ್ಟಿಗ. ಇಬ್ಬರೂ ಒಬ್ಬನೇ ಆದದ್ದು ತೊಂದರೆ. ಅಳಿಸಲು ಮನಸ್ಸು ಬರದೆ ಕೀಸುಳಿ ಕೆಳಗಿಟ್ಟ.

ಸಂಜೆ ರಮ್ಲತ್ ಬಂದಾಗ ತಲೆ ತಗ್ಗಿಸಿ ಹೇಳಿದ: "ಆ ಆಚಾರಿ ಸಿಕ್ಕಿದ ಅಕ್ಕ. ನಾನೇ."

"ಗೊತ್ತುಂಟು. ಉಮ್ಮ ಮೊದಲೇ ಹೇಳಿದ್ದಾರೆ."

"ಮತ್ತೆ ಎಂತಕ್ಕೆ ಸುಮ್ಮನೆ ಕೂತದ್ದು ಮಾರಾಯ್ತಿ?"

"ನೀವು ಅಷ್ಟು ಚಂದ ಬೈಯುವಾಗ ಮಧ್ಯ ಮಾತಾಡುದು ಹೇಗೆ? ಮನೆ ಕೆಡವುವಾಗ ಗೋಡೆ ಎಲ್ಲ ಬಿತ್ತು, ಈ ಬಾಗಿಲು ಅಲುಗಲಿಲ್ಲ. ಒಂಬತ್ತೂ ನೀವೇ ಮಾಡಿ. ಮೊಳೆ ಮಾತ್ರ ಕಡಿಮೆ ಸಾಕು."

ದೇರಣ್ಣನ ಕಣ್ಣು ತುಂಬಿತು. ಮರದ ಧೂಳು ಎಂದು ಒರೆಸಿಕೊಂಡ.

ಮರುದಿನ ಬೇರೆ ಯಾರದ್ದೋ ಹಳೆಯ ಕಿಟಕಿ ಬಂತು. ಮೈತುಂಬ ಮೊಳೆ. ದೇರಣ್ಣ ತೆರೆದ ಬಾಯಿ ಮುಚ್ಚಿ, ಮೊದಲು ಜೋಡಣೆ ಬಿಚ್ಚಿ ಒಳಗೆ ನೋಡಿದ. ಆಮೇಲೆ ಬೈಯಲು ಶುರುಮಾಡಿದ.