ನನ್ನ ಉಡಿಗೆ ಬಿದ್ದ ಖಣ

ಬೀರುವಿನ ಬಾಗಿಲು ತೆಗೆದರೆ ಕೊಬ್ಬರಿ ವಾಸನೆ ಬರುತ್ತದೆ. ನನ್ನ ಬೀರುವಿನಿಂದ ಬರಬೇಕಾದ ವಾಸನೆ ಅದಲ್ಲ. ಅಲ್ಲಿರುವುದು ನುಸಿಗುಳಿಗೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಸೀರೆಗಳು, ಅಂಚಿಗೆ ಅಂಚು ಕೂಡಿಸಿ ಇಟ್ಟವು. ಅವುಗಳ ನಡುವೆ ಒಂದು ಹಸಿರು ಖಣ, ಅಂದರೆ ರವಿಕೆ ಹೊಲಿಯುವಷ್ಟು ಬಟ್ಟೆ. ಅದರೊಳಗೆ ಕಟ್ಟಿದ್ದ ಕೊಬ್ಬರಿ ಬಟ್ಟಲು ಯಾವಾಗಲೋ ಚಟ್ನಿಯಾಯಿತು, ಅರಿಶಿಣ ಬೇರು ಡಬ್ಬಿಗೆ ಹೋಯಿತು. ವಾಸನೆ ಮಾತ್ರ ಬಟ್ಟೆಯನ್ನು ಬಿಟ್ಟಿಲ್ಲ.

ಈ ವಾರ ಆ ಖಣವನ್ನು ಎಷ್ಟು ಸಲ ತೆಗೆದೆನೋ, ಎಷ್ಟು ಸಲ ಇಟ್ಟೆನೋ. ಒಮ್ಮೆ ಸೀರೆಗಳ ಮೇಲೆ, ಒಮ್ಮೆ ಅಡಿಯಲ್ಲಿ, ಒಮ್ಮೆ ಮಂಚದ ಮೇಲೆ. ಪ್ರತಿಯೊಂದಕ್ಕೂ ಒಂದು ಜಾಗ ಇರಬೇಕು ಎಂದು ನಂಬಿ ಮುದುಕಿಯಾದವಳು ನಾನು. ನಸುಕಿನಲ್ಲಿ ಏಳುವುದು, ಸ್ನಾನ, ಲಿಂಗಪೂಜೆ, ಒಂದು ಲೋಟ ಚಹಾ, ಅಂಗಳ. ಈಗ ಆ ಸಾಲು ಕೆಟ್ಟಿದೆ. ಮೊನ್ನೆ ಪೂಜೆಗೆ ಮೊದಲೇ ಚಹಾ ಕುಡಿದುಬಿಟ್ಟೆ. ಇದೇನು ದೊಡ್ಡ ಮಾತು ಎಂದು ನಿಮಗೆ ಅನ್ನಿಸಬಹುದು. ಸೇಡಂ ಆಸ್ಪತ್ರೆಯಲ್ಲಿ ನನ್ನ ಕೈಕೆಳಗೆ ಕೆಲಸ ಮಾಡಿದ ಹುಡುಗಿಯರನ್ನು ಕೇಳಿ ನೋಡಿ, ನಕ್ಕು ಬಿದ್ದಾರು. ಹಾಸಿಗೆಯ ಚಾದರದ ಮೂಲೆ ಸೊಟ್ಟಗಿದ್ದರೆ ರೋಗಿಯನ್ನು ಎಬ್ಬಿಸಿ ಮತ್ತೆ ಹಾಸಿಸುತ್ತಿದ್ದ ಸಿಸ್ಟರ್ ನಾನು.

ಉಡಿ ತುಂಬುವುದು ನಿಮಗೆ ಗೊತ್ತೇ ಇದೆ. ಮನೆಗೆ ಬಂದ ಮುತ್ತೈದೆಯನ್ನು ಮಣೆಯ ಮೇಲೆ ಕೂಡಿಸಿ, ಅವಳು ಸೆರಗು ಒಡ್ಡಿದರೆ ಅದರೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಎಲೆ ಅಡಿಕೆ, ಒಂದು ಖಣ ಹಾಕಿ ಕಳಿಸುವುದು. ತುಂಬುವವಳೂ ಮುತ್ತೈದೆಯಾಗಿರಬೇಕು, ತುಂಬಿಸಿಕೊಳ್ಳುವವಳೂ. ನಮ್ಮ ಮನೆತನದಲ್ಲಿ ಯಾರದೇ ಲಗ್ನವಾಗಲಿ, ಉಡಿ ತಟ್ಟೆ ಸಜ್ಜು ಮಾಡುವ ಕೆಲಸ ನನ್ನದು. ಅಕ್ಕಿಯನ್ನು ತಟ್ಟಿ ಸಮ ಮಾಡಿ, ಕೊಬ್ಬರಿ ಬಟ್ಟಲುಗಳನ್ನು ಒಂದೇ ದಿಕ್ಕಿಗೆ ಮುಖ ಮಾಡಿ ಇಡುತ್ತಿದ್ದೆ. ನನ್ನ ತಮ್ಮನ ಹೆಂಡತಿ ಗಂಗಾ ಬಾಗಿಲಲ್ಲಿ ನಿಂತು, “ಬರ್ರಿ ನೋಡ್ರಿ, ಅಕ್ಕಾರು ಆಪರೇಷನ್ ಟ್ರೇ ಇಟ್ಟಾರ! ಕತ್ರಿ ಒಂದs ಕಮ್ಮಿ ಅದ” ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಎಲ್ಲ ಸಜ್ಜಾದ ಮೇಲೆ, “ಹೂಂ, ಈಗ ಕುಂದರ್ರಿ” ಎಂದು ಹೇಳಿ ಅಡುಗೆಮನೆಗೆ ನಡೆದುಬಿಡುತ್ತಿದ್ದೆ. ನಾನು ಮದುವೆಯಾಗಲಿಲ್ಲ. ಮದುವೆಯಾಗದವಳು ಆ ಹೊತ್ತಿನಲ್ಲಿ ಅಲ್ಲಿರಬಾರದು ಎಂದು ಯಾರೂ ಹೇಳಿದ್ದಿಲ್ಲ. ಹೇಳುವ ಹೊತ್ತು ಬರುವ ಮುಂಚೆಯೇ ನಾನು ಎದ್ದು ಹೋಗುತ್ತಿದ್ದೆ, ಅಷ್ಟೇ. ಅದು ನನಗೆ ದುಃಖವಾಗಿತ್ತೆಂದು ತಿಳಿಯಬೇಡಿ. ಅಡುಗೆಮನೆಯಲ್ಲಿ ಹುಗ್ಗಿ ತಳ ಹಿಡಿಯದಂತೆ ನೋಡುವವರೂ ಬೇಕಲ್ಲ.

ಗಂಗಾಳ ಮಗಳು ಸುವರ್ಣಾ. ವಾಡಿಯಲ್ಲಿ ರೈಲ್ವೆ ನೌಕರಿ. ಅವಳ ಜೊತೆ ಪದ್ಮಾ ಇರುತ್ತಾಳೆ. ಚಿಂಚೋಳಿ ಕಡೆಯ ಐನಾಪುರದವಳು, ದನಕರು ಸಾಕಿದ ಮನೆಯ ಹುಡುಗಿ, ಈಗ ಚಿತ್ತಾಪುರದ ದನದ ದವಾಖಾನೆಯಲ್ಲಿ ಕೆಲಸ. ಮೊದಲು ಇಬ್ಬರೂ ‘ರೂಮಿನಾಗಿನ ಗೆಳತೇರು’ ಆಗಿದ್ದರು. ಆಮೇಲೆ ಗಂಡುಗಳು ಬಂದವು, ಸುವರ್ಣಾ ಒಬ್ಬೊಬ್ಬರನ್ನೂ ಬೇಡವೆಂದಳು. ಕೊನೆಗೆ ಒಂದು ದಿನ ಶಹಾಬಾದಿನ ಅಪ್ಪನ ಮನೆಯಲ್ಲಿ, ಎಲ್ಲರೂ ಊಟಕ್ಕೆ ಕೂತಾಗ, “ನಾ ಪದ್ಮಾನ ಕೂಡs ಇರಾಕಿ. ಇದs ನನ್ನ ಸಂಸಾರ” ಎಂದಳು. ರೊಟ್ಟಿ ಮುರಿಯುತ್ತಿದ್ದ ನನ್ನ ತಮ್ಮ ಹಾಗೇ ಮುರಿಯುತ್ತಲೇ ಇದ್ದ, ತಾಟಿನ ತುಂಬ ಚೂರು. ಗಂಗಾ ಎದ್ದು ಹೋಗಿ ಟೀವಿಯ ಸದ್ದು ಏರಿಸಿದಳು.

ಟೀವಿಯಲ್ಲೂ ಆಗ ಅದೇ ಮಾತು. ಹೆಣ್ಣು ಹೆಣ್ಣು, ಗಂಡು ಗಂಡು ಮದುವೆಯಾಗುವುದನ್ನು ಕಾನೂನು ಒಪ್ಪಬೇಕೋ ಬೇಡವೋ ಎಂದು ದಿಲ್ಲಿಯ ದೊಡ್ಡ ಕೋರ್ಟಿನಲ್ಲಿ ವಾದ ನಡೆದಿತ್ತು. ಎಲ್ಲ ಧರ್ಮದವರೂ ಬಂದು ಕೂತು, ಬೇರೆ ಯಾವುದರಲ್ಲೂ ಒಂದಾಗದವರು ಇದೊಂದರಲ್ಲಿ ಒಂದಾಗಿ ಬೇಡವೆನ್ನುತ್ತಿದ್ದರು. ಕಡೆಗೆ ಕೋರ್ಟು, ಇದು ನಾವು ಕೊಡುವ ಹಕ್ಕಲ್ಲ, ಕಾನೂನು ಮಾಡುವವರು ನೋಡಿಕೊಳ್ಳಲಿ ಎಂದಿತು. ಅಂದು ಗಂಗಾ ಫೋನ್ ಮಾಡಿ, “ಕೋರ್ಟs ಹೇಳ್ತಲ್ರೀ ಅಕ್ಕಾರ, ಇನ್ನರ ಆಕಿಗಿ ಬುದ್ಧಿ ಬರ್ತದ” ಎಂದಳು. ನಾನು ಹೂಂ ಎಂದೆ. ನನಗೂ ನಿಯಮ ಎಂದರೆ ನಿಯಮವೇ. ಆದರೂ ಫೋನ್ ಇಟ್ಟ ಮೇಲೆ ಅಂಗಳವನ್ನು ಎರಡನೇ ಸಲ ಗುಡಿಸಿದೆ.

ಅದಾದ ಚಳಿಗಾಲದಲ್ಲಿ ಸುವರ್ಣಾ ಸೇಡಂಗೆ ಬಂದಳು. ವಾಡಿಯಲ್ಲಿ ರಾವೂರಿನ ದಾರಿಗೆ ಇಬ್ಬರೂ ಸೇರಿ ಸಣ್ಣ ಮನೆ ಕಟ್ಟಿಸಿದ್ದರು. ಮನೆ ಶಾಂತಿಗೆ ನಮ್ಮ ಮಠದ ಅಯ್ಯನವರು ಬರಬೇಕೆಂದು ಅವಳ ಆಸೆ. ಅವಳು ಹುಟ್ಟಿದಾಗ ಲಿಂಗ ಕಟ್ಟಿದವರೇ ಅವರು. ಕರೆದುಕೊಂಡು ಹೋದೆ. ಅಯ್ಯನವರು ಒಳ್ಳೆಯ ಮನುಷ್ಯ, ಬಡವರ ಮನೆಗೆ ಕರೆಯದೆಯೇ ಹೋಗುವವರು. ನೆಲದ ಮೇಲೆ ಕೂಡಿಸಿ ಹಾಲು ಕೊಟ್ಟು ಎಲ್ಲ ಕೇಳಿದರು.

“ಪೂಜಾಕ್ಕ ದಂಪತಿ ಕುಂದರಬೇಕವ್ವಾ. ಯಾರ್ ಕುಂದರ್ತೀರಿ?”

“ನಾವಿಬ್ರೂ, ಅಯ್ಯಾರ.”

ಅಯ್ಯನವರು ಬಹಳ ಹೊತ್ತು ವಿಭೂತಿ ಗಟ್ಟಿಯನ್ನು ತಿರುವುತ್ತ ಕೂತರು. “ನೀ ಕೆಟ್ಟಾಕಿ ಅಂತ ನಾ ಅನ್ನಾಂಗಿಲ್ಲ. ಆದ್ರ ಸಂಸಾರ ಅಂದ್ರ ಒಂದು ವ್ರತ. ಗಂಡ ಹೆಣ್ತಿ ಕೂಡಿ ಮಕ್ಕಳ ಹಡದು, ಅವಕ್ಕ ಲಿಂಗ ಕಟ್ಟಿಸಿ, ದಾಸೋಹ ಮುಂದ ನಡಸೂದು. ಹಿರೇರು ಹಾಕಿದ ದಾರಿ ಅದು. ಅದನ್ನ ತಿದ್ದಾಕ ನಾ ಯಾರು?”

“ಅಯ್ಯಾರ, ಲಿಂಗs ಗಂಡ, ನಾವೆಲ್ಲಾ ಆತನ ಹೆಣ್ತೇರು ಅಂತ ನೀವs ಹೇಳಿದ್ರಿ. ಅಪ್ಪನೂ ಹೆಣ್ತಿ, ಕಾಕಾನೂ ಹೆಣ್ತಿ. ನಾ ಸಣ್ಣಾಕಿ ಇದ್ದಾಗ ನಕ್ಕಿದ್ದಕ್ಕ ಬೈದಿದ್ರಿ ಬ್ಯಾರೆ.”

ಅಯ್ಯನವರಿಗೆ ನಗು ಬಂತು, ನುಂಗಿಕೊಂಡರು. “ಅದು ಭಕ್ತಿ ಮಾತು. ಇದು ಮನಿ ಮಾತು.”

“ಭಕ್ತಿಗಿ ಒಂದು, ಮನಿಗಿ ಒಂದು ಅಂತ ಅದ ಏನ್ರೀ ನಮ್ಮಲ್ಲಿ?”

ಅವರು ವಿಭೂತಿ ಗಟ್ಟಿಯನ್ನು ಕೆಳಗಿಟ್ಟರು. ನನ್ನ ಕಡೆ ನೋಡಿ, “ಸಿಸ್ಟರಮ್ಮಾ, ನಾ ಬರಾಕ ಆಗಂಗಿಲ್ಲ. ಬಂದ್ರ ಹೂಂ ಅಂದಂಗ ಆಗ್ತದ. ನನ್ನ ಮನಸಿನ್ನೂ ಹೂಂ ಅಂದಿಲ್ಲ” ಎಂದರು. ಆ ಮಾತು ನನಗೆ ಇಂದಿಗೂ ಸಿಟ್ಟು ತರಿಸುವುದಿಲ್ಲ, ಸಮಾಧಾನವನ್ನೂ ಕೊಡುವುದಿಲ್ಲ. ನನ್ನ ಮನಸ್ಸು ಆಗ ಏನೆಂದಿತ್ತು? ಕೇಳಿದ್ದರೆ ನಾನೂ ವಿಭೂತಿ ಗಟ್ಟಿಯನ್ನೇ ತಿರುವುತ್ತಿದ್ದೆನೇನೋ.

ಸ್ಟೇಷನ್ನಿಗೆ ಬಿಡಲು ಹೋದಾಗ, ಇಷ್ಟು ಹಟ ಏಕೆ, ಸುಮ್ಮನೆ ಇದ್ದುಬಿಡಬಾರದೇ, ಯಾರು ಬೇಡವೆಂದರು ಎಂದು ಕೇಳಿದೆ. ಸುವರ್ಣಾ ಕಲ್ಲುಬೆಂಚಿನ ಮೇಲೆ ಕೂತು ಹೇಳಿದಳು. ಹಿಂದಿನ ಮಳೆಗಾಲದಲ್ಲಿ ಪದ್ಮಾಳಿಗೆ ಅಪೆಂಡಿಕ್ಸ್ ಒಡೆಯುವಂತಾಗಿ ದವಾಖಾನೆಗೆ ಒಯ್ದಿದ್ದಳಂತೆ. ಆಪರೇಷನ್ನಿಗೆ ಸಹಿ ಬೇಕು. “ನೀವು ಆಕಿಗಿ ಏನಾಗಬೇಕು?” ಎಂದು ನರ್ಸ್ ಕೇಳಿದಳು. “ಗೆಳತಿ” ಎಂದಳು ಇವಳು. ಮನೆಯವರನ್ನು ಕರೆಸಿ ಎಂದಳು ನರ್ಸ್. ಮನೆಯವರು ಎಂದರೆ ಐನಾಪುರದ ಅಣ್ಣ. ಅವನು ಬಸ್ಸು ಹಿಡಿದು ಬರುವವರೆಗೆ ಪದ್ಮಾ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದಳು.

“ಆ ನರ್ಸ್ ಮಾಡಿದ್ದು ಬರೋಬರ್ ಅದ,” ಎಂದೆ ನಾನು. “ನಿಯಮ ಅದ.”

“ಗೊತ್ತದ ಅತ್ತಿ. ಅದಕ್ಕs ನಿಯಮ ಬದಲಿ ಆಗ್ಲಿ ಅಂತೀನಿ. ಏನಾಗಬೇಕು ಅಂದ್ರ ಹೇಳಾಕ ನನಗೊಂದು ಮಾತು ಬೇಕು.”

ಗಾಡಿ ಬಂತು, ಹತ್ತಿದಳು, ಹೋಯಿತು. ನಾನು ಪ್ಲಾಟ್‌ಫಾರ್ಮಿನಲ್ಲೇ ನಿಂತೆ. ‘ನೀವು ಏನಾಗಬೇಕು?’ ಆ ಮಾತನ್ನು ನಾನು ಜೀವಮಾನವೆಲ್ಲ ಕೇಳಿದ್ದೇನೆ, ಪೆನ್ನು ಹಿಡಿದುಕೊಂಡು, ಮುಖ ಎತ್ತದೆ. ತಾಯಿ, ಗಂಡ, ಮಗ, ಅಳಿಯ ಎಂದು ಉತ್ತರ ಬರುತ್ತಿತ್ತು. ನನ್ನನ್ನು ಯಾರಾದರೂ ಹಾಗೆ ಮಲಗಿಸಿದರೆ ಪಕ್ಕದಲ್ಲಿ ನಿಂತವರು ಏನು ಹೇಳುತ್ತಾರೆ ಎಂಬ ಯೋಚನೆ ಅಂದೇ ಮೊದಲ ಸಲ ಬಂತು. ಮನೆಗೆ ನಡೆದೇ ಬಂದೆ, ಅದೂ ದಾರಿ ತಪ್ಪಿ ಸಂತೆಯ ಕಡೆಯಿಂದ.

ಮನೆ ಶಾಂತಿಯ ಹಿಂದಿನ ದಿನ ಗಂಗಾಳ ಫೋನ್ ಬಂತು. “ನೀವು ಹೋಗಬ್ಯಾಡ್ರಿ ಅಕ್ಕಾರ. ನೀವು ಹೋದ್ರ ಮಂದಿ, ಮನಿ ಹಿರೇರs ಒಪ್ಯಾರ ಅಂತಾರ. ಮುಂದ ನನ್ನ ಮಗಂದು ಲಗ್ನ ಆಗಬೇಕು. ಯಾರ್ ಹೆಣ್ಣು ಕೊಡ್ತಾರ? ನಿಮ್ಮ ಕೈಲೆ ಉಡಿ ತಟ್ಟಿ ಇಡಿಸಬೇಕಂತ ನನಗೂ ಅದ, ಅದನ್ನ ನೀವs ಕಳಕೋಬ್ಯಾಡ್ರಿ.” ಅಳುತ್ತಿದ್ದಳು. ಅವಳದೂ ಹೆತ್ತ ಹೊಟ್ಟೆ.

ಬೆಳಿಗ್ಗೆ ಮೊದಲ ಗಾಡಿಗೆ ವಾಡಿಗೆ ಹೋದೆ. ಹೋಗುವುದೋ ಬೇಡವೋ ಎಂದು ಚಿತ್ತಾಪುರ ದಾಟುವ ತನಕ ಕಿಟಕಿಯಲ್ಲಿ ವಾದಿಸುತ್ತಲೇ ಇದ್ದೆ. ಚೀಲದಲ್ಲಿ ಮಾತ್ರ ಎರಡು ಉಡಿಯ ಸಾಮಾನು ಅಚ್ಚುಕಟ್ಟಾಗಿ ಕಟ್ಟಿಕೊಂಡಿದ್ದೆ. ಕೈಗೆ ರೂಢಿ, ಅದು ನನ್ನನ್ನು ಕೇಳುವುದಿಲ್ಲ.

ಮನೆಯ ನೆಲಕ್ಕೆ ಹೊಸ ಪರಸಿ ಕಲ್ಲು, ತಣ್ಣಗೆ, ಸಾಲು ನೇರ. ಓಣಿಯ ಹೆಣ್ಣುಮಕ್ಕಳು ಬಂದಿದ್ದರು, ಅರ್ಧ ಪ್ರೀತಿಗೆ, ಅರ್ಧ ನೋಡಲಿಕ್ಕೆ. ಐನಾಪುರದಿಂದ ಪದ್ಮಾಳ ತಾಯಿ ಬಂದಿದ್ದಳು, ಗಂಡ ತೀರಿದವಳು, ಕೈಯಲ್ಲಿ ತುಪ್ಪದ ಡಬ್ಬಿ. ಅಯ್ಯನವರಿಲ್ಲದ ಕಾರಣ ಹುಡುಗಿಯರಿಬ್ಬರೂ ತಮ್ಮ ತಮ್ಮ ಲಿಂಗ ಕೈಯಲ್ಲಿ ಹಿಡಿದು ತಾವೇ ಪೂಜೆ ಮಾಡಿದರು. ನಾನು ಮಣೆ ಹಾಕಿ, ಎರಡು ತಟ್ಟೆ ಸಜ್ಜು ಮಾಡಿ, ಅಕ್ಕಿ ತಟ್ಟಿ ಸಮ ಮಾಡಿ, “ಹೂಂ, ಈಗ ಕುಂದರ್ರಿ” ಎಂದು ಹೇಳಿ ಅಡುಗೆಮನೆಗೆ ಹೋದೆ.

ಅಲ್ಲಿ ಒಲೆಯ ಮುಂದೆ ನಿಂತು ಕಾದೆ. ಹೊರಗೆ ಹಾಡಿಲ್ಲ, ಬಳೆಯ ಸದ್ದಿಲ್ಲ. ಈ ವಾಡಿಯ ಹೆಂಗಸರು ಇಷ್ಟು ನಿಧಾನವೇ ಎಂದು ಬೇಸರವಾಯಿತು. ಹುಗ್ಗಿ ತಿರುವಿದೆ. ಮತ್ತೆ ತಿರುವಿದೆ. ಆಗ ಪದ್ಮಾ ಬಾಗಿಲಲ್ಲಿ ಬಂದು ನಿಂತಳು.

“ಅತ್ತಿ, ಯಾರ ದಾರಿ ನೋಡಾಕತ್ತೀರಿ?”

“ಉಡಿ ತುಂಬೂದು ಮುಗೀಲಿ ಅಂತ.”

“ತುಂಬೋರು ಒಳಗs ನಿಂತ್ರ ಹ್ಯಾಂಗ್ ಮುಗೀತದ್ರೀ? ಅಲ್ಲಿ ಎಲ್ಲಾರೂ ನಿಮ್ಮ ದಾರಿ ನೋಡಾಕತ್ತಾರ. ಸುವರ್ಣಾನ ಕಾಲು ಜುಮ್ಮು ಹಿಡದಾವ.”

ಕೈಯಲ್ಲಿದ್ದ ಸೌಟು ಅಲ್ಲೇ ಪಾತ್ರೆಯೊಳಗೆ ಬಿತ್ತು. “ನಾ ತುಂಬಬಾರದವ್ವಾ,” ಎಂದೆ. “ನಾ ಮುತ್ತೈದಿ ಅಲ್ಲ.”

“ನಾವೂ ಅಲ್ಲ ಅಂತಾರಲ್ರೀ ಮಂದಿ,” ಎಂದಳು ಪದ್ಮಾ. “ಬರ್ರಿ, ಹುಗ್ಗಿ ಹೊತ್ತಾಕತ್ತದ.”

ಹೊರಗೆ ಬಂದೆ. ಅಷ್ಟು ಜನರ ಮುಂದೆ ಆ ಮಣೆಯ ಎದುರು ಕೂರುವುದು ಎಂಥದೆಂದು ನನಗೆ ಗೊತ್ತಿರಲಿಲ್ಲ. ಸುವರ್ಣಾ ಸೆರಗು ಒಡ್ಡಿದಳು. ಪದ್ಮಾ ಚೂಡಿದಾರ ಹಾಕಿದ್ದಳು, ವೇಲನ್ನು ಒಡ್ಡಿದಳು. ನಾನು ಹಾಕಿದ ಅಕ್ಕಿ ಅರ್ಧ ಪರಸಿಯ ಮೇಲೆ ಚೆಲ್ಲಿತು. ಬಾಗಿಲಲ್ಲಿದ್ದ ಒಬ್ಬಳು ಮುಖ ತಿರುಗಿಸಿ ಹೊರಟುಹೋದಳು. ಇನ್ನೊಬ್ಬಳು ಒಳಗೆ ಬಂದು ಕಾಳು ಬಳಿಯತೊಡಗಿದಳು.

ಏಳಬೇಕೆನ್ನುವಾಗ ಪದ್ಮಾಳ ತಾಯಿ ನನ್ನ ಭುಜ ಒತ್ತಿ ಕೂಡಿಸಿದಳು. “ಕುಂದರ್ರಿ ಅಕ್ಕಾ. ತುಂಬಿದೋರ ಉಡಿ ಬರೀದು ಇರಬಾರ್ದು.” ತಾನು ಮಗಳಿಗೆಂದು ತಂದಿದ್ದ ಹಸಿರು ಖಣವನ್ನೂ ಒಂದು ಕೊಬ್ಬರಿ ಬಟ್ಟಲನ್ನೂ ಅರಿಶಿಣ ಬೇರನ್ನೂ ಹುಡುಗಿಯರ ಕೈಗೆ ಕೊಟ್ಟಳು. ಇಬ್ಬರೂ ಸೇರಿ ನನ್ನ ಬಿಳಿ ಸೆರಗಿನಲ್ಲಿ ಹಾಕಿದರು. ಸೆರಗನ್ನು ಹೇಗೆ ಹಿಡಿಯಬೇಕೆಂದು ನನಗೆ ತಿಳಿಯಲಿಲ್ಲ. ನೂರು ತಟ್ಟೆ ಜೋಡಿಸಿದವಳಿಗೆ ಅದೊಂದು ಗೊತ್ತಿರಲಿಲ್ಲ. ಸುವರ್ಣಾ ನನ್ನ ಬೆರಳುಗಳನ್ನು ಮಡಿಚಿ ತೋರಿಸಿದಳು.

ಆ ಖಣ ಇದು.

ಈಗ ಗಂಗಾಳ ಮಗನ ಲಗ್ನ ನಿಶ್ಚಯವಾಗಿದೆ, ಬರುವ ಸೋಮವಾರ. ಪ್ರತಿ ಲಗ್ನಕ್ಕೂ ವಾರ ಮೊದಲೇ ಕರೆ ಬರುತ್ತಿತ್ತು. ಈ ಸಲ ತಮ್ಮ ಒಬ್ಬನೇ ಬಂದು, ಚಹಾ ಕುಡಿದು, ಪತ್ರಿಕೆ ಕೊಟ್ಟ. “ಉಡಿ ಸಾಮಾನು ಈ ಸಲ ಬೀಗರ ಕಡೇರು ನೋಡ್ಕೋತಾರಂತಕ್ಕಾ. ನೀ ಆರಾಮ ಬಂದು ಕುಂದರು.” ಹೊಸ್ತಿಲಲ್ಲಿ ನಿಂತು, ನೆಲ ನೋಡುತ್ತ, “ಸುವರ್ಣಾಗ ಬಾ ಅಂದೀನಿ. ಒಬ್ಬಾಕಿನs ಬಾ ಅಂದೀನಿ” ಎಂದ. ಒಬ್ಬಳೇ ಆದರೆ ಬರುವುದಿಲ್ಲವೆಂದು ಅವಳು ನನಗೆ ಆಗಲೇ ಹೇಳಿದ್ದಾಳೆ, ತನ್ನ ತಮ್ಮನ ಲಗ್ನವಾದರೂ.

ಅಂದಿನಿಂದ ನನ್ನ ದಿನ ಹಳಿ ತಪ್ಪಿದೆ. ಮಠಕ್ಕೆ ಹೋದರೆ ಅಯ್ಯನವರು, “ಇನ್ನೂ ಯೋಚ್ನಿ ಮಾಡಾಕತ್ತೀನ್ರಿ” ಎನ್ನುತ್ತಾರೆ. ನಾನೂ ಮಾಡುತ್ತಿದ್ದೇನೆ. ಆದರೆ ಲಗ್ನ ಯೋಚನೆಗೆ ಕಾಯುವುದಿಲ್ಲ. ಉಡಿಯ ಖಣಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿದೆ, ನಿಮ್ಮ ಮನೆಯಲ್ಲೂ ಇರಬೇಕು: ಬಂದದ್ದನ್ನು ಹೊಲಿಸದೆ ಇಟ್ಟು, ಮುಂದಿನ ಲಗ್ನದಲ್ಲಿ ಬೇರೆಯವರ ಉಡಿಗೆ ಹಾಕಿಬಿಡುವುದು. ಹಾಗೆ ಒಂದೇ ಖಣ ಊರೂರು ತಿರುಗುತ್ತದೆ. ಇದನ್ನೂ ಹಾಗೇ ದಾಟಿಸಿಬಿಡಲೇ ಎಂದು ಈ ವಾರವೆಲ್ಲ ತೆಗೆದು ಇಟ್ಟು ಮಾಡಿದೆ.

ಇಂದು ಬೆಳಿಗ್ಗೆ ಮೊದಲು ಪೂಜೆ, ಆಮೇಲೆ ಚಹಾ. ಖಣ ಹಿಡಿದು ಓಣಿಯ ಕೊನೆಗೆ, ಬಟ್ಟೆ ಹೊಲಿಯುವ ಶಾಹೀನಳ ಮನೆಗೆ ಹೋದೆ. ಅವಳು ಬಟ್ಟೆಯನ್ನು ಮೂಸಿ, “ಉಡಿ ಖಣ ಅಲ್ರೀ ಸಿಸ್ಟರ್? ಯಾರ್ ಅಳತಿ?” ಎಂದಳು.

“ನಂದು.”

“ನೀವು ಬಿಳೀದು ಬಿಟ್ಟು ಹಾಕ್ಕೊಂಡಿದ್ದs ನಾ ನೋಡಿಲ್ಲ!”

“ಸೋಮವಾರ ನೋಡಾಕ ಬಾ. ಶನಿವಾರದೊಳಗ ಬೇಕು. ತೋಳಿನ ಅಂಚು ಸೊಟ್ಟ ಆಗಬಾರ್ದು.”

ಅಳತೆ ಕೊಡುತ್ತ ನಿಂತಿದ್ದಾಗಲೇ ಸುವರ್ಣಾಳಿಗೆ ಫೋನ್ ಮಾಡಿದೆ. ಇಬ್ಬರೂ ಭಾನುವಾರ ಸೇಡಂಗೆ ಬರಬೇಕು, ಮರುದಿನ ಬೆಳಿಗ್ಗೆ ಮೂವರೂ ಒಂದೇ ಗಾಡಿಗೆ ಶಹಾಬಾದಿಗೆ ಹೋಗಬೇಕು ಎಂದೆ. “ಅವ್ವ ಕೇಳಿದ್ರ ಪದ್ಮಾ ಯಾರ ಕೂಡ ಬಂದಾಳ ಅಂತ ಹೇಳ್ತೀರಿ ಅತ್ತಿ?” ಎಂದಳು.

“ನಿನ್ನ ಕೂಡ ಬಂದಾಳ ಅಂತ ಹೇಳ್ತೀನಿ,” ಎಂದೆ. “ಹಸಿರು ಕುಬಸ ಹಾಕ್ಕೊಂಡು, ಎಲ್ಲಾರ ಮುಂದ ಹೇಳ್ತೀನಿ.”

ಮಂಟಪದಲ್ಲಿ ಏನಾಗುತ್ತದೋ ತಿಳಿಯದು. ಯಾರಾದರೂ ಎದ್ದು ಹೋಗಬಹುದು, ಗಂಗಾ ಅಳಬಹುದು. ತಟ್ಟೆಗಳು ಸೊಟ್ಟಗಿರುತ್ತವೆ, ಕೊಬ್ಬರಿ ಒಂದೊಂದು ಒಂದೊಂದು ದಿಕ್ಕಿಗೆ ಇರುತ್ತದೆ, ನೋಡಿ ಸಹಿಸಿಕೊಳ್ಳಬೇಕು. ಆದರೆ ಉಡಿ ತುಂಬುವ ಹೊತ್ತಿಗೆ ನಾನು ಅಡುಗೆಮನೆಗೆ ಹೋಗುವುದಿಲ್ಲ. ಅಲ್ಲೇ ಕೂತಿರುತ್ತೇನೆ, ಆ ಇಬ್ಬರ ನಡುವೆ.