ಮಿಜಿಂಗಾಳ ಶುದ್ಧಿಯ ದಿನ

ಮಪಾಂಜಾ ಕೋಳಿ ತಿನ್ನುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ವಾಕರಿಕೆ ಬರುತ್ತದೆ. ಮೂಳೆ ಚೀಪಿ ಅಂಗಳಕ್ಕೇ ಉಗುಳುತ್ತಾನೆ, ಜಿಡ್ಡುಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ, ಆಮೇಲೆ ಗಂಡ ಸತ್ತವಳನ್ನು ಶುದ್ಧಿ ಮಾಡಲು ಒಳಗೆ ಹೋಗುತ್ತಾನೆ. ಸತ್ತವನ ನೆರಳು ಹೆಂಡತಿಯ ಮೈಮೇಲೆ ಕೂತಿರುತ್ತದಂತೆ. ಸತ್ತವನ ಬಳಿಯ, ಎಂದರೆ ಅವನ ಕುಲದ, ಗಂಡಸೊಬ್ಬನೋ ಕೂಲಿಗೆ ಕರೆಸಿದವನೋ ಅವಳ ಜೊತೆ ಮಲಗಿದರೆ ಮಾತ್ರ ಬಿಟ್ಟುಹೋಗುತ್ತದಂತೆ. ಅದು ಬೇಡ, ಹಿಟ್ಟು ಸವರಿ ಬಿಳಿ ಮಣಿ ಕಟ್ಟಿದರೆ ಸಾಕು ಎಂದು ನಮ್ಮ ಮುಖ್ಯಸ್ಥರು ಸಾರಿ ಎಷ್ಟೋ ವರ್ಷವಾಯಿತು. ಕೇಳುವವರು ಯಾರು? ಚೋಮಾ ಪಟ್ಟಣದ ಈಚೆಗಿನ ಹತ್ತಾರು ಹಳ್ಳಿಗಳಲ್ಲಿ ಮಪಾಂಜಾನಿಗೆ ಇದೇ ಕಸುಬು. ಥೂ!

ನಾನು ಹೇಳಹೊರಟಿದ್ದು ಅವನ ಕಥೆಯಲ್ಲ, ಮಿಜಿಂಗಾಳದು. ಬಸ್ಸಿನವರಿಗೆ ಬೋಂಡಾ ಕರಿದು ಮಾರುತ್ತಿದ್ದವಳು. ಆಸ್ಪತ್ರೆಯವರು ಮೂರು ವಾರ ಕಲಿಸಿ, ಒಂದು ನೀಲಿ ಚೀಲ ಕೊಟ್ಟು, ಎಚ್‌ಐವಿ ಪರೀಕ್ಷೆ ಮಾಡಲು ಹಚ್ಚಿದರು. ಅತ್ತಿಮರದ ಕೆಳಗೆ ಕೂತು ಬೆರಳು ಚುಚ್ಚುತ್ತಿದ್ದಳು, ಕಾಂಡೋಮು ಹಂಚುತ್ತಿದ್ದಳು. "ರುಚಿ ಇರಲ್ಲ ಅಂತೀಯಲ್ಲ, ಅದಿಲ್ದೇ ಇದ್ದಾಗ ರುಚಿ ಇತ್ತಾ ಅಂತ ನಿನ್ನ ಹೆಂಡ್ತೀನ ಕೇಳಿದೀಯಾ?" ಎಂದು ಗಂಡಸರ ಬಾಯಿ ಮುಚ್ಚಿಸುತ್ತಿದ್ದಳು. ನಮಗೆ ಬೇರೆ ಥರ ಹೇಳುತ್ತಿದ್ದಳು: "ಅಕ್ಕಾ, ಸೋಂಕು ಇರೋರು ದಿನಾ ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ಅದು ಅಡಗಿಹೋದ್ರೆ ಇನ್ನೊಬ್ರಿಗೆ ಅಂಟಲ್ಲ. ಇಲ್ದಿರೋರಿಗೂ ಅದು ಬರದ ಹಾಗೆ ಮಾತ್ರೆ ಇದೆ. ಆದ್ರೆ ಮೊದ್ಲು ಬೆರಳು ಕೊಡ್ಬೇಕಲ್ಲ?" ನನ್ನ ಬೆರಳನ್ನೂ ಅವಳೇ ಚುಚ್ಚಿದ್ದು. ಸೋಂಕಿದೆ ಎನ್ನುವ ಎರಡು ಗೆರೆ ಬಂದಾಗ ನನ್ನ ಕೈ ಬಿಡದೆ ಕೂತಿದ್ದಳು. ನಾನಿವತ್ತು ಗುದ್ದಲಿ ಹಿಡಿದು ಹೊಲಕ್ಕೆ ಹೋಗುತ್ತೇನೆ ಎಂದರೆ ಅದು ಅವಳ ಪುಣ್ಯ.

ಅಂಥವಳ ಗಂಡ ಜೆಫ್ತಾ ಲಾರಿ ಮಗುಚಿ ಸತ್ತ. ಸೂತಕದಲ್ಲಿರುವ ಹೆಂಡತಿ ತಲೆಗೆ ಬಟ್ಟೆ ಮುಚ್ಚಿಕೊಂಡು ಗೋಡೆ ಕಡೆ ಮುಖ ಮಾಡಿ ಕೂರಬೇಕು, ಮಾತಾಡಬಾರದು. ಊರಿಗೆಲ್ಲ ಬುದ್ಧಿ ಹೇಳಿದವಳ ನಾಲಿಗೆ ಕಟ್ಟಿಹೋಯಿತು. ಅವಳ ರಕ್ತದಲ್ಲಿ ಏನೂ ಇರಲಿಲ್ಲ, ಹಿಂದಿನ ತಿಂಗಳಷ್ಟೇ ನೋಡಿಕೊಂಡಿದ್ದಳು. ಅತ್ತೆ ಎಲಿನಾಗೆ ಮಾತ್ರ, ನೆರಳು ಬಿಡದಿದ್ದರೆ ಮೊಮ್ಮಕ್ಕಳಿಗೆ ಹುಚ್ಚು ಹಿಡಿಯುತ್ತದೆ ಎಂಬ ಭಯ. ಮಪಾಂಜಾನಿಗೆ ಹೇಳಿ ಕಳಿಸಿದಳು.

ಬಂದ. ನಡುಮಧ್ಯಾಹ್ನ, ಚಾಪೆಯ ಮೇಲೆ ಕಾಲು ಚಾಚಿ, ನ್ಶಿಮಾ ಮುದ್ದೆಯ ಜೊತೆ ಕೋಳಿ ಜಗಿಯುತ್ತ ಕೂತ. ಸಂಜೆಯೊಳಗೆ ಮಿಜಿಂಗಾಳನ್ನು ಅವನ ಜೊತೆ ಒಳಗೆ ಕಳಿಸುತ್ತಾರೆ. ನನ್ನ ಮೈಯೆಲ್ಲ ಉರಿಯಿತು.

ನಮ್ಮದು ಆನೆ ಬಳಿ. ಜೆಫ್ತಾನದೂ ಮಪಾಂಜಾನದೂ ಜೇನು ಬಳಿ. ಸಾವಿನ ಮನೆಯಲ್ಲಿ ಆನೆ ಬಳಿಯವರು ಜೇನು ಬಳಿಯವರನ್ನು ಎಷ್ಟು ಬೇಕಾದರೂ ಗೇಲಿ ಮಾಡಬಹುದು, ಹೆಣವನ್ನೂ ಬಿಡಬೇಕಿಲ್ಲ. ಸಿಟ್ಟಾದವರು ಆಡು ದಂಡ ತೆರಬೇಕು. ಮಿಜಿಂಗಾಳ ನೀಲಿ ಚೀಲ ತೆಗೆದುಕೊಂಡು ಅಂಗಳದ ನಡುವೆ ನಿಂತೆ.

"ಏನಪ್ಪಾ ಹೋರಿ, ನಮ್ಮ ಕಡೆ ಹೋರಿ ತರೋವಾಗ ಹಲ್ಲು, ಗೊರಸು, ಬಾಲದ ಕೆಳಗೆ ಎಲ್ಲಾ ನೋಡೇ ತರ್ತೀವಿ. ನಿನ್ನನ್ಯಾಕೆ ನೋಡ್ಬಾರ್ದು?"

ಜನ ಗೊಳ್ಳೆಂದರು. ಅವನೂ ನಕ್ಕ, ನಗದೆ ಗತಿಯಿಲ್ಲ. "ನಮೂಂಗಾ, ನಿನಗೆ ಮುದುಕಿಯಾದ್ರೂ ಆಸೆ ಹೋಗ್ಲಿಲ್ವಲ್ಲೇ! ಏನು ನೋಡ್ತೀಯ, ನೋಡು."

"ಬೆರಳು ಸಾಕು, ಮಾರಾಯ. ಉಳಿದಿದ್ದು ನೋಡಿದೀನಿ, ಅಂಥಾ ಘನಂದಾರಿ ಏನಿಲ್ಲ."

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಮಾತ್ರ ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡ. "ಊಟದ ಕೈ," ಎಂದ.

"ಎಡಗೈ ಕೊಡು."

"ಹೋಗೇ, ನನಗೆಂಥಾ ರೋಗ?"

"ಸರಿ, ನಾನೇ ಮೊದ್ಲು," ಎಂದು ಕೂತೆ. ನೂರು ಸಲ ನೋಡಿದ ಕೆಲಸ. ಬೆರಳು ಚುಚ್ಚಿ, ಪಟ್ಟಿಗೆ ರಕ್ತ ಬಿಟ್ಟು, ಔಷಧಿ ಹನಿಸಿ, ಎಲ್ಲರಿಗೂ ಕಾಣುವಂತೆ ಚಾಪೆಯ ಮೇಲಿಟ್ಟೆ. ಹದಿನೈದು ನಿಮಿಷ ಕಾಯಬೇಕು. ಆ ಹೊತ್ತಿಗೆ ಅವನು ಇನ್ನೊಂದು ತೊಡೆ ತಿಂದು ಮುಗಿಸಿದ. ಎರಡು ಗೆರೆ ಮೂಡಿದವು.

"ನೋಡಿ," ಎಂದೆ. ನಗು ನನ್ನಿಂದಲೂ ಹೋಗಿತ್ತು. "ಗೂಳಿ ತಿವಿದು ನನ್ನ ಗಂಡ ಸಾಯೋಕೆ ಮುಂಚೆ ನಾವಿಬ್ರೂ ಪರೀಕ್ಷೆ ಮಾಡಿಸಿದ್ವಿ, ಇಬ್ರಿಗೂ ಏನಿರ್ಲಿಲ್ಲ. ಆಮೇಲೆ ಇವನು ಬಂದು ನನ್ನ ಶುದ್ಧಿ ಮಾಡಿದ. ಒಂಬತ್ತು ವರ್ಷ ಆಯ್ತು, ಇವನ ಹೊರತು ಇನ್ನೊಬ್ಬ ಗಂಡಸು ನನ್ನ ಮುಟ್ಟಿಲ್ಲ. ಇದು ಇವನ ಶುದ್ಧಿ. ಈಗ ಬೆರಳು ಕೊಡೋ!"

ಮಪಾಂಜಾ ಎದ್ದ. ಸಿಟ್ಟು ಮಾಡುವಂತಿಲ್ಲ, ನಗಲೂ ಆಗಲಿಲ್ಲ. "ಈ ಮನೇಲಿ ಮರ್ಯಾದೆ ಇಲ್ಲ," ಎಂದು ಗೊಣಗಿ ಸೈಕಲ್ ಹತ್ತಿದ. ಹೋಗುವಾಗ ತಟ್ಟೆಯಲ್ಲುಳಿದ ರೆಕ್ಕೆಯನ್ನು ಬಾಯಿಗೆ ಹಾಕಿಕೊಳ್ಳಲು ಮರೆಯಲಿಲ್ಲ. ಅಸಹ್ಯದ ಪ್ರಾಣಿ.

ಎಲಿನಾ ಜೋಳದ ಹಿಟ್ಟಿನ ಬಟ್ಟಲು ತಂದು ಸೊಸೆಯ ಹಣೆಗೆ, ತೋಳಿಗೆ ತಾನೇ ಸವರಿದಳು. ಕೊರಳಿಗೆ ಬಿಳಿ ಮಣಿ ಕಟ್ಟಿದಳು. ಅವಳ ಕಣ್ಣು ಮಾತ್ರ ಚಾಪೆಯ ಮೇಲಿದ್ದ ನನ್ನ ಪಟ್ಟಿಯತ್ತಲೇ ಹೋಗುತ್ತಿತ್ತು. ಸೊಸೆಗಾಗಿ ಹೆದರಿದ್ದಾಳೆ ಎಂದುಕೊಂಡೆ.

ಆಮೇಲೆ ಆ ಮುದುಕಿ ನೀಲಿ ಚೀಲವನ್ನು ನನ್ನಿಂದ ಕಿತ್ತುಕೊಂಡು ಮಿಜಿಂಗಾಳ ಮಡಿಲಲ್ಲಿ ಇಟ್ಟಳು. ಎಲಿನಾಳ ಗಂಡ ಸತ್ತು ನಾಲ್ಕು ವರ್ಷವಾಗಿತ್ತು. ಆಗಲೂ ಬಂದಿದ್ದವನು ಮಪಾಂಜಾನೇ. ಎದುರು ಕೂತು ಎಡಗೈ ಚಾಚಿದಳು. ಅವಳ ಹಿಂದೆ ಇನ್ನೂ ಮೂವರು ವಿಧವೆಯರು ಬಂದು ಕೂತರು.

ಮಿಜಿಂಗಾ ತಲೆಯ ಬಟ್ಟೆ ಸರಿಸಿದಳು. ಹನ್ನೊಂದು ದಿನದ ಮೇಲೆ ಅವಳ ಗಂಟಲಿನಿಂದ ಮೊದಲ ಮಾತು ಬಂತು.

"ಕೈ ಸಡಿಲ ಬಿಡಿ, ಅತ್ತೆ. ಏನೇ ಬಂದ್ರೂ ನಾನಿದೀನಿ."