ನಿಂತ ಪಿಯಾನೋ, ಮಲಗಿದ ಪಿಯಾನೋ

ಈ ಸಲದ ಆಯುಧಪೂಜೆಗೆ ಉಡಲು ರೇಷ್ಮೆ ಸೀರೆ ಹುಡುಕುತ್ತ ಬೀರು ತೆಗೆದೆ. ನುಸಿಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಬೇರೆಯವರಿಗೆ ಅದು ಸೀರೆಯ ವಾಸನೆ. ನನಗೆ ಮಾತ್ರ ಪಿಯಾನೋದ್ದು.

ಎಪ್ಪತ್ತರ ದಶಕದ ಕೊನೆ. ಜಯನಗರದಲ್ಲಿ ನಮ್ಮ ಮನೆಯಿಂದ ಮೂರನೆಯದು ಪಿಯಾನೋ ಮೇಷ್ಟ್ರ ಮನೆ. ಕಂಟೋನ್ಮೆಂಟ್ ಕಡೆಯ ಶಾಲೆಯೊಂದರಲ್ಲಿ ಪಿಯಾನೋ ಪಾಠ ಹೇಳಿ ನಿವೃತ್ತರಾಗಿದ್ದರು. ಪಂಚೆ ಉಟ್ಟು, ವಿಭೂತಿ ಧರಿಸಿ ಪಿಯಾನೋ ಮುಂದೆ ಕೂರುತ್ತಿದ್ದರು. ಒಳಗೆ ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳ ಉಣ್ಣೆಬಟ್ಟೆಯನ್ನು ಹುಳ ತಿನ್ನದಿರಲೆಂದು ಪಿಯಾನೋದ ತಳದಲ್ಲಿ ಸದಾ ನುಸಿಗುಳಿಗೆ ಇರುತ್ತಿತ್ತು.

ಗೋಡೆಗೆ ಒರಗಿದ ಅಪ್‌ರೈಟ್ ಅವರ ಬಾಯಲ್ಲಿ ‘ನಿಂತದ್ದು’. ತಂತಿಗಳು ಅಡ್ಡಡ್ಡ ಮಲಗಿರುವ ದೊಡ್ಡ ಗ್ರ್ಯಾಂಡ್ ‘ಮಲಗಿದ್ದು’. ಮಲಗಿದ್ದು ಯಾಕೆ ತರಲಿಲ್ಲ ಎಂದು ಕೇಳಿದರೆ ನಗುತ್ತಿದ್ದರು. “ಮೂವತ್ತು-ನಲವತ್ತು ಸೈಟಲ್ಲಿ ಅದು ಮಲಗಿದ್ರೆ ನಾವು ನಿಂತ್ಕೋಬೇಕಾಗುತ್ತೆ ಕಣಮ್ಮ.”

ನನಗಾಗ ಹದಿಮೂರು, ಅವರ ಬಳಿಯೇ ಕಲಿಯುತ್ತಿದ್ದೆ. ಹಿಂದಿನ ವರ್ಷದ ಪಿಯಾನೋ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದೆ. ಈ ಸಲವೂ ಫೇಲಾದರೆ ಇದೆಲ್ಲ ಬಿಟ್ಟು ವೀಣೆಗೆ ಸೇರು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು. ಪರೀಕ್ಷೆ ದಸರಾ ಕಳೆದ ಎರಡು ವಾರಕ್ಕೆ. ದೇವರ ಸಹಾಯವೂ ಇರಲಿ ಎಂದುಕೊಂಡು, ಆಯುಧಪೂಜೆಯ ದಿನ ಮೇಷ್ಟ್ರು ಹೂ ತರಲು ಹೋದಾಗ ನಾನೇ ಅವರ ಪಿಯಾನೋಗೆ ಪೂಜೆ ಶುರು ಮಾಡಿದೆ. ಬಿಳಿ ಕೀಗಳಿಗೆಲ್ಲ ಕುಂಕುಮ ಇಟ್ಟೆ. ಆಮೇಲೆ ಪಂಚಪಾತ್ರೆಯಿಂದ ನೀರು ತೆಗೆದು ಶ್ರದ್ಧೆಯಿಂದ ಪ್ರೋಕ್ಷಣೆ ಮಾಡಿದೆ...

ಮಾರನೆಯ ದಿನ ನಡುವಿನ ಕೀ ಒಂದು ಒತ್ತಿದರೆ ಏಳಲೇ ಇಲ್ಲ. ಪರೀಕ್ಷೆಯಲ್ಲಿ ನಾನು ಬಿಡದೆ ಬಡಿಯಬೇಕಿದ್ದ ಕೀ ಅದೇ! ನಾನು ಗೊಳೋ ಎಂದು ಅತ್ತೆ. ಮೇಷ್ಟ್ರು ಬಗ್ಗಿ ನೋಡಿದರು. ಮರ ನೀರು ಕುಡಿದು ಉಬ್ಬಿತ್ತು.

“ಭಕ್ತಿ ಸ್ವಲ್ಪ ಜಾಸ್ತಿ ಆಯ್ತು, ಅಷ್ಟೇ.”

ಮೊಳದುದ್ದದ ಆ ಕೀಯನ್ನು ಹೊರಗೆಳೆದು ತಾರಸಿಯ ಮೇಲೆ, ಅವರ ಹೆಂಡತಿ ಹರಡಿದ್ದ ಮೆಣಸಿನಕಾಯಿ ಪಕ್ಕದಲ್ಲಿ ಒಣಗಿಸಿದರು. ಉಪ್ಪುಕಾಗದದಿಂದ ಉಜ್ಜಿದರು. ಆದರೂ ಅದು ಸೋಮಾರಿಯಾಗಿಯೇ ಉಳಿಯಿತು.

“ಹೆದರ್ಬೇಡ. ಪರೀಕ್ಷೆಗೆ ಅಲ್ಲಿರೋದು ಮಲಗಿದ್ದು,” ಎಂದರು. “ನಿಂತದ್ರಲ್ಲಿ ಕೀ ಪೂರ್ತಿ ಎದ್ಮೇಲೇ ಇನ್ನೊಂದ್ಸಲ ಹೊಡೀಬೇಕು. ಮಲಗಿದ್ರಲ್ಲಿ ಸುತ್ತಿಗೆ ಕೆಳಗಿಂದ ತಂತಿಗೆ ಹೊಡೆದು ತನ್ನ ಭಾರಕ್ಕೆ ತಾನೇ ಬೀಳುತ್ತೆ, ಕೀ ಅರ್ಧ ಎದ್ರೂ ಸಾಕು. ಈ ಮೊಂಡನ್ನ ಪಳಗಿಸ್ಕೊ. ಅಲ್ಲಿ ನಿನ್ನ ಬೆರಳು ಓಡುತ್ತೆ.”

ಎರಡು ವಾರ ಬೆರಳು ನೋಯುವಷ್ಟು ಆ ಮೊಂಡನ್ನು ಪಳಗಿಸಿದೆ. ಪರೀಕ್ಷೆಯ ಕೋಣೆಯಲ್ಲಿ ಗ್ರ್ಯಾಂಡಿನ ಮೇಲೆ ಕೈ ಇಟ್ಟಾಗ ಕೀಗಳು ಬೆರಳಿಗಿಂತ ಮೊದಲೇ ಎದ್ದು ಕಾಯುತ್ತಿವೆ ಎನಿಸಿತು. ಒಂದು ಕಡೆಯೂ ತಡವರಿಸಲಿಲ್ಲ. ಪಾಸಾದೆ. ಅಪ್ಪ ಮತ್ತೆ ವೀಣೆಯ ಮಾತೆತ್ತಲಿಲ್ಲ.

“ಮಲಗಿದ್ದು ಹೇಗಿತ್ತಮ್ಮ?” ಎಂದು ಮೇಷ್ಟ್ರು ಕೇಳಿದರು.

“ನಿಂತದ್ದೇ ಚೆನ್ನಾಗಿದೆ ಸಾರ್.”

“ಸುಳ್ಳಿ!” ಎಂದರು. ಖುಷಿಯಂತೂ ಆಗಿತ್ತು.

ಎಂಬತ್ತರ ದಶಕದಲ್ಲಿ ಶಿಷ್ಯನೊಬ್ಬನ ತಂದೆ ಗಲ್ಫಿನಿಂದ ಎಲೆಕ್ಟ್ರಾನಿಕ್ ಕೀಬೋರ್ಡ್ ತಂದುಕೊಟ್ಟರು. ಮೇಷ್ಟ್ರು ನುಡಿಸಿ ನೋಡಿ ತೀರ್ಪು ಕೊಟ್ಟರು. “ಶ್ರುತಿ ಇಳಿಯೋಲ್ಲ, ಅದು ಸರಿ. ಆದ್ರೆ ಬೈದ್ರೂ ಮುದ್ದು ಮಾಡಿದ್ರೂ ಒಂದೇ ಥರ ಉತ್ತರ ಕೊಡುತ್ತಲ್ಲ!”

ಮುಂದೆ ಎಷ್ಟೋ ಪಿಯಾನೋ ನುಡಿಸಿದೆ. ಗ್ರ್ಯಾಂಡಿನಲ್ಲಿ ಬೆರಳು ಓಡುತ್ತದೆ, ನಿಜ. ಬೆರಳಿಗೆ ಬುದ್ಧಿ ಕಲಿಸುವುದು ಅಪ್‌ರೈಟೇ. ಯಾರು ಏನೇ ಹೇಳಲಿ, ಈ ಮಾತಿನಲ್ಲಿ ನಾನು ಜಗ್ಗುವವಳಲ್ಲ.

ಮೇಷ್ಟ್ರು ಹೋಗಿ ಬಹಳ ವರ್ಷಗಳಾದವು. ಆ ಪಿಯಾನೋ ಯಾರ ಪಾಲಾಯಿತೋ... ಕೇಳಿಕೊಂಡು ಹೋಗಬೇಕಿತ್ತು, ಹೋಗಲಿಲ್ಲ. ಆ ಸಂಕಟ ಇನ್ನೂ ಇದೆ.

ಇವತ್ತು ಸೀರೆ ಉಟ್ಟು, ನನ್ನ ಅಪ್‌ರೈಟಿಗೆ ಹೂವಿಟ್ಟು ಕುಂಕುಮ ಹಚ್ಚಿದೆ. ಪಂಚಪಾತ್ರೆಯ ಕಡೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಕೀ ಅಂಟಿಕೊಂಡರೆ ತಾರಸಿಯ ಮೇಲೆ ಒಣಗಿಸಿಕೊಡುವವರು ಈಗಿಲ್ಲ.